ಗಾಜಕ್ಕ ಕೇಳಿ ಪಡೆದ ಎರಡನೆಯ ತೊಟ್ಟಿ

ಆ ಪ್ರಯೋಗಾಲಯದಲ್ಲಿ ಹದಿನೇಳು ವರ್ಷಗಳಿಂದ ಗಾಜಿನ ಸಾಮಾನು ತೊಳೆಯುತ್ತಿದ್ದವಳನ್ನು ಎಲ್ಲರೂ ಗಾಜಕ್ಕ ಎಂದೇ ಕರೆಯುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅವಳ ಕೈಜಾರಿ ಒಡೆದ ಸೀಸೆ ನಾಲ್ಕೇ ನಾಲ್ಕು. "ಮನೇಲಿ ಮಾತ್ರ ಒಂದು ಲೋಟ ಉಳಿಸಲ್ಲ" ಎಂದು ಗಂಡ ರೇಗಿಸುತ್ತಿದ್ದ. ಅವನು ಮನೆಗಳಿಗೆ ಬಣ್ಣ ಬಳಿಯುವವನು.

ಅಲ್ಲಿ ನಡೆಯುತ್ತಿದ್ದ ಕೆಲಸವೇನೆಂದು ಅವಳಿಗೆ ಗೊತ್ತಿತ್ತು. ದಿನ ತುಂಬುವ ಮೊದಲೇ ಗರ್ಭ ಇಳಿದುಹೋದಾಗ, ತಾಯಿ ಒಪ್ಪಿ ಸಹಿ ಹಾಕಿದರೆ, ಭ್ರೂಣದ ಶ್ವಾಸಕೋಶದ ಚೂರು ಆಸ್ಪತ್ರೆಯಿಂದ ಮಂಜುಗಡ್ಡೆಯ ಡಬ್ಬಿಯಲ್ಲಿ ಬರುತ್ತಿತ್ತು. ಅದನ್ನು ಸೀಸೆಗಳಲ್ಲಿ ಹಂಚಿ, ಪೋಷಕ ದ್ರವದಲ್ಲಿ ಜೀವಂತವಾಗಿಟ್ಟು, ಅರ್ಧಕ್ಕೆ ಹಾರ್ಮೋನು ಬೆರೆಸುತ್ತಿದ್ದರು, ಇನ್ನರ್ಧ ಹಾಗೇ ಬಿಡುತ್ತಿದ್ದರು. ಮೂರನೆಯ ದಿನ ಒಂದು ಕಿಣ್ವವನ್ನು ಅಳೆಯುವುದು. ಕಿಣ್ವ ಚುರುಕಾದಷ್ಟೂ ನಳಿಕೆಯಲ್ಲಿ ಹಳದಿ ಗಾಢವಾಗುತ್ತಿತ್ತು. ಎಷ್ಟನೆಯ ವಾರದಿಂದ ಶ್ವಾಸಕೋಶ ಹಾರ್ಮೋನಿಗೆ ಸ್ಪಂದಿಸುತ್ತದೆಂದು ತಿಳಿದರೆ, ಅವಧಿಗೆ ಮುನ್ನ ಹುಟ್ಟುವ ಕೂಸುಗಳ ಉಸಿರಿಗೆ ಒಂದು ದಾರಿಯಾದೀತೆಂಬ ಆಸೆ.

ಆ ವರ್ಷ ಎಲ್ಲ ತಲೆಕೆಳಗಾಯಿತು. ಹಾರ್ಮೋನು ಹಾಕದ ಸೀಸೆಗಳಲ್ಲೂ ಹಳದಿ ಏರಿತು. ಒಂದು ಸಲವಲ್ಲ, ಮೂರು ಸಲ.

ಸಂಶೋಧನೆ ಮಾಡುತ್ತಿದ್ದ ಹುಡುಗಿ ತೊಳೆಯುವ ಕೋಣೆಗೆ ಬಂದಳು. "ಗಾಜಕ್ಕ, ಸೋಪು ಸರಿಯಾಗಿ ಹೋಗ್ತಿಲ್ಲ ಅನ್ಸುತ್ತೆ. ಸ್ವಲ್ಪ ನೋಡ್ಕೊಂಡು ತೊಳೀರಿ."

"ಎಲ್ಲಾ ಸೀಸೇನೂ ತೊಟ್ಟೀಲಿ ಉಜ್ಜಿ ಏಳು ಸಲ ನೀರು ಬಿಡ್ತೀನಿ ಮೇಡಂ. ಬೇಕಾದ್ರೆ ನಿಂತ್ಕೊಂಡು ಎಣಿಸಿ."

ಮೇಡಂ ಎಣಿಸಲಿಲ್ಲ, ಮುಖ ತಿರುಗಿಸಿ ಹೋದಳು. ಆ ಮಾತು ಗಾಜಕ್ಕನ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಸಂಜೆ ಮನೆಗೆ ಹೋದಾಗ ಗಂಡ ಹಿತ್ತಲಲ್ಲಿ ಬ್ರಷ್ಷು ತೊಳೆಯುತ್ತಿದ್ದ. ಎದುರಿಗೆ ಎರಡು ಡಬ್ಬಿ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಟರ್ಪೆಂಟೈನು. "ಒಂದೇ ಸಾಲ್ದಾ?" ಎಂದಳು, ಸಿಟ್ಟು ಅವನ ಮೇಲೆ ತೀರಿಸುವಂತೆ.

"ಎಣ್ಣೆ ಬಣ್ಣಕ್ಕೆ ನೀರು ಎಷ್ಟು ಸುರಿದ್ರೂ ಅಷ್ಟೇ ಕಣೆ. ಟರ್ಪೆಂಟೈನೇ ಬೇಕು. ಎಲ್ಲಾ ಒಂದೇ ಡಬ್ಬಿಗೆ ಹಾಕಿದ್ರೆ ಒಂದು ಬ್ರಷ್ಷು ಉಳಿದಿದ್ದನ್ನೂ ಕೆಡಿಸುತ್ತೆ."

ಅವಳು ಚೀಲ ಇಳಿಸುವುದನ್ನೂ ಮರೆತು ನಿಂತಳು.

ಮರುದಿನ ಬೆಳಿಗ್ಗೆ ನೇರ ಮೇಡಂ ಮೇಜಿಗೆ ಹೋದಳು. "ಆ ಹಾರ್ಮೋನು ನೀರಲ್ಲಿ ಕರಗುತ್ತಾ?"

"ಸರಿಯಾಗಿ ಕರಗಲ್ಲ. ಮೊದ್ಲು ಸ್ಪಿರಿಟ್‌ನಲ್ಲಿ ಕರಗಿಸ್ಕೋತೀವಿ. ಯಾಕೆ?"

"ಹಾಗಾದ್ರೆ ನನ್ನ ನೀರಿಗೆ ಅದು ಹೇಗೆ ಹೋಗುತ್ತೆ?"

ಮೇಡಂ ಬರೆಯುತ್ತಿದ್ದ ಪೆನ್ನು ನಿಂತಿತು. "ಗಾಜಿಗೆ ಅಂಟ್ಕೊಂಡಿರಬಹುದು," ಎಂದಳು ಮೆಲ್ಲಗೆ. "ಆದ್ರೆ ಅಷ್ಟು ಕಮ್ಮಿ ಇರೋದು..."

ಗಾಜಕ್ಕ ಬಿಡಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥರ ಬಳಿಗೆ ಹೋಗಿ, ಮುಂದಿನ ಸಲ ಅರ್ಧ ಕೆಲಸ ಹೊಸ ಸೀಸೆಗಳಲ್ಲಿ, ಅರ್ಧ ತಾನು ತೊಳೆದವುಗಳಲ್ಲಿ ಮಾಡಿ ನೋಡಬೇಕೆಂದಳು.

"ತಪ್ಪು ನಿಮ್ಮ ತೊಳೆಯೋದ್ರಲ್ಲೇ ಇದೆ ಅಂತಾದ್ರೆ?" ಎಂದರು ಅವರು.

"ಆಗ್ಲಿ ಸರ್. ಯಾರೋ ತಾಯಿ ಅಷ್ಟು ಸಂಕಟದಲ್ಲೂ ಸಹಿ ಹಾಕಿ ಕೊಟ್ಟಿರ್ತಾಳೆ. ನನ್ನ ಮಾನ ಉಳಿಸ್ಕೊಳ್ಳೋಕೆ ಅದನ್ನ ಹಾಳು ಮಾಡೋಕಾಗುತ್ತಾ?"

ಆಸ್ಪತ್ರೆಯಿಂದ ಮುಂದಿನ ಡಬ್ಬಿ ಬರಲು ಹನ್ನೊಂದು ದಿನ ಕಾಯಬೇಕಾಯಿತು. ಹಾರ್ಮೋನು ಹಾಕದ ಹೊಸ ಸೀಸೆಗಳಲ್ಲಿ ಹಳದಿ ಏರಲಿಲ್ಲ, ತೊಳೆದವುಗಳಲ್ಲಿ ಏರಿತು. ಹಾರ್ಮೋನಿನ ಸೀಸೆಗಳ ಅಂಟು ಒಂದೇ ತೊಟ್ಟಿಯಲ್ಲಿ ಉಳಿದವಕ್ಕೂ ಹತ್ತಿತ್ತು; ತಪ್ಪು ಅವಳ ತೊಟ್ಟಿಯದೇ. ಗಾಜಕ್ಕನ ಮುಖ ಸಣ್ಣದಾಯಿತು.

"ಯಾವ ಸೀಸೇಲಿ ಏನಿತ್ತು ಅಂತ ನಾವು ನಿಮಗೆ ಹೇಳೇ ಇರ್ಲಿಲ್ಲ," ಎಂದಳು ಮೇಡಂ.

"ನಾನೂ ಕೇಳಿರ್ಲಿಲ್ಲ ಬಿಡಿ. ಈಗ ಹಾರ್ಮೋನಿನ ಸೀಸೆಗಳಿಗೇ ಅಂತ ಇನ್ನೊಂದು ತೊಟ್ಟಿ ಕೊಡ್ಸಿ."

ಉಗ್ರಾಣದವನು ಮುಂದಿನ ವರ್ಷ ನೋಡೋಣ ಎಂದ. ಅವಳು ಮೂರು ಬೆಳಿಗ್ಗೆ ಅವನ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂತಳು. ನಾಲ್ಕನೆಯ ದಿನ ತೊಟ್ಟಿ ಬಂತು. ಹಾರ್ಮೋನಿನ ಸೀಸೆಗಳ ಕತ್ತಿಗೆ ಕೆಂಪು ಬಣ್ಣದ ಪಟ್ಟಿ ಎಳೆದುಕೊಟ್ಟವನು ಗಂಡ. ಇದ್ದಬದ್ದ ಆರುನೂರು ಸೀಸೆಗಳನ್ನೂ ಅವಳು ಮೂರು ಮೂರು ಸಲ ಸ್ಪಿರಿಟ್‌ನಲ್ಲಿ ಜಾಲಿಸಿದಳು. ಬೆರಳ ಸಂದಿ ಬಿರಿದರೂ ರಜೆ ಹಾಕಲಿಲ್ಲ.

ಎರಡು ತಿಂಗಳ ನಂತರ ಮೇಡಂ ಅವಳನ್ನು ಕರೆದು ಎರಡು ನಳಿಕೆ ತೋರಿಸಿದಳು. ಹಾರ್ಮೋನು ಹಾಕದ್ದು ತೆಳು ಹಳದಿ, ಹಾಕಿದ್ದು ಕಣ್ಣಿಗೆ ರಾಚುವಷ್ಟು ಗಾಢ. "ಹದಿನೆಂಟನೇ ವಾರದ್ದು. ಎರಡೂ ನೀವು ತೊಳೆದ ಸೀಸೆಗಳವೇ."

ಗಾಜಕ್ಕ ನಳಿಕೆಗಳನ್ನು ಬೆಳಕಿಗೆ ಹಿಡಿದು ನೋಡಿದಳು. "ಅಷ್ಟು ಪುಟ್ಟದ್ದಕ್ಕೂ ಗೊತ್ತಾಗುತ್ತಲ್ವಾ ಮೇಡಂ," ಎಂದಳು. ಆಮೇಲೆ ಕೈ ಒರೆಸಿಕೊಂಡು, "ನಾಳೆಗೆ ಎಷ್ಟು ಬೇಕು?" ಎಂದು ಕೇಳಿದಳು.

"ನಲವತ್ತು."

"ಎಂಟು ಗಂಟೆಗೆ ಸಿದ್ಧ ಇರ್ತವೆ."