ಸಂಗಪ್ಪ ಮಾಸ್ತರರ ಕೊಂಡಿ

ಸಂಗಪ್ಪ ಮಾಸ್ತರರು ಆಟ ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಇಳಕಲ್ಲಿನ ನಮ್ಮ ಬಾಸ್ಕೆಟ್‌ಬಾಲ್ ಅಂಕಣದ ಒಂದು ಬದಿಗೆ ಸಾಲೆಯ ಹಿಂಗೋಡೆ. ಅದಕ್ಕೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು, ಕೈ ಹಿಂದೆ ಕಟ್ಟಿಕೊಂಡು ನಿಂತರೆಂದರೆ ತಾಸುಗಟ್ಟಲೆ ಅಲ್ಲಾಡುತ್ತಿರಲಿಲ್ಲ. ಚೆಂಡು ನೆಲಕ್ಕೆ ಬಡಿಯುವ ಸಪ್ಪಳದ ಮೇಲೆಯೇ ಯಾರ ಮೊಣಕಾಲು ಬಾಗಿಲ್ಲ, ಯಾರು ಬೆರಳು ಬಿಟ್ಟು ಅಂಗೈಯಿಂದ ಬಡಿಯುತ್ತಿದ್ದಾರೆ, ಯಾರು ದಣಿದೂ ದಣಿಯದವರಂತೆ ನಟಿಸುತ್ತಿದ್ದಾರೆ, ಎಲ್ಲ ಹೇಳುತ್ತಿದ್ದರು. ಹೇಳುತ್ತಿದ್ದುದೂ ಗೋಡೆಗೇ.

"ಲೇ ಎಡಗಡೆ ಇರಾಂವ, ಚಂಡು ಬಡಿಯಾಕತ್ತೀಯೋ, ರೊಟ್ಟಿ ಬಡಿಯಾಕತ್ತೀಯೋ?"

ಎಡಗಡೆ ಇದ್ದವನು ನಾನೇ ಆಗಿರುತ್ತಿದ್ದೆ.

ಅವರದು ನೇಕಾರರ ಮನೆತನ. ಮನೆಯಲ್ಲಿ ನಾಲ್ಕು ಮಗ್ಗಗಳು ಒಟ್ಟಿಗೆ ನಡೆಯುತ್ತಿರುವಾಗ, ಅವರ ಅಪ್ಪ ಊಟದ ತಾಟಿನ ಮುಂದೆ ಕುಳಿತೇ ಯಾವ ಮಗ್ಗದಲ್ಲಿ ಎಳೆ ಹರಿಯಿತೆಂದು ಹೇಳುತ್ತಿದ್ದನಂತೆ. ಮಗ ಮಗ್ಗ ಬಿಟ್ಟು ಸಾಲೆಯ ದೈಹಿಕ ಶಿಕ್ಷಕನಾದ. ಕಿವಿಯನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರಲಿಲ್ಲ. ಸಾಲೆಯಿಂದ ನಿವೃತ್ತರಾದ ಮೇಲೂ ಊರ ಹುಡುಗ ಹುಡುಗಿಯರಿಗೆ ಮುಂಜಾನೆ ಐದಕ್ಕೆ ಆಟ ಕಲಿಸುತ್ತಿದ್ದರು. ಯಾರೂ ಕರೆದಿರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಬೇಡ ಎನ್ನುವ ಧೈರ್ಯ ಊರಲ್ಲಿ ಯಾರಿಗಿತ್ತು?

ನನಗೆ ಹದಿನಾರಿದ್ದಾಗ ಒಂದು ದಿನ ಅರ್ಧ ಅಂಕಣದಿಂದ ಎಸೆದ ಚೆಂಡು ಕಬ್ಬಿಣದ ಬಳೆಯನ್ನು ಮುಟ್ಟದೆ ಒಳಗಿಳಿಯಿತು. ಜನ್ಮಕ್ಕೊಮ್ಮೆ ಆಗುವಂಥದ್ದು. ಓಡಿಹೋಗಿ, "ಸರ್, ನೋಡಿದ್ರೇನ್ರಿ?" ಎಂದೆ.

"ನಿನ್ನ ನೋಡಾಕ ನಿಮ್ಮವ್ವ ಅದಾಳಲ್ಲ," ಎಂದರು ಗೋಡೆಗೆ. "ಚಂಡು ಒಳಗ ಹೋತು, ಖರೆ. ಎಸೆಯೂ ಮುಂದ ನಿನ್ನ ಬಲಗಾಲು ಜಾರಿತು. ಆ ಜಾರಿದ್ದು ಯಾರಪ್ಪಂದು?"

ಬಲಗಾಲು ಜಾರಿದ್ದು ನಿಜ. ಗ್ರಾನೈಟ್ ಕಾರ್ಖಾನೆಯಿಂದ ತಂದು ಹಾಸಿದ ಕೆಂಪು ಪುಡಿಯ ಮೇಲೆ ಒಂದು ಬೆರಳಿನಷ್ಟು ಗೀರು ಬಿದ್ದಿತ್ತು. ನಾನು ಅದನ್ನು ಇನ್ನೊಂದು ಕಾಲಿನಿಂದ ಒರೆಸಿದೆ. ಒರೆಸಿದ ಸಪ್ಪಳವೂ ಅವರಿಗೆ ಕೇಳಿತು. "ಮುಚ್ಚಬ್ಯಾಡ," ಎಂದರು.

ಇಂಥವರನ್ನು ಬಿಟ್ಟು ಯಾಕೆ ಓಡಿಹೋಗಲಿಲ್ಲ ಎಂದು ನನ್ನ ಹೆಂಡತಿ ಇಂದಿಗೂ ಕೇಳುತ್ತಾಳೆ. ಏನು ಹೇಳಲಿ? ಮನೆಯಲ್ಲಿ ಆರು ಮಂದಿ ಮಕ್ಕಳಲ್ಲಿ ನಾನು ನಾಲ್ಕನೆಯವ. ನನ್ನ ಹೆಜ್ಜೆಯ ಸಪ್ಪಳವನ್ನು ಬೇರೆ ಮಾಡಿ ಕೇಳಿದವರು ಅವರೊಬ್ಬರೇ.

ಅವರದೊಂದು ಪದ್ಧತಿಯಿತ್ತು. ಯಾರನ್ನಾದರೂ ತಂಡದಿಂದ ತೆಗೆಯಬೇಕಾದರೆ ಅವರಿಗೆ ಮುಖ ಕೊಟ್ಟು ಹೇಳುತ್ತಿರಲಿಲ್ಲ. ಆ ಹುಡುಗನ ಖಾಸಾ ಗೆಳೆಯನನ್ನು ಕರೆದು, "ಹೋಗಿ ಬನಿಯನ್ ಇಸಕೊಂಡು ಬಾ," ಎನ್ನುತ್ತಿದ್ದರು. ನಂಬರು ಹಾಕಿದ ಆ ಹಸಿರು ಬನಿಯನ್ ತಂಡದ್ದು. ಅದು ಮನೆಯಿಂದ ಹೊರಟುಹೋಯಿತೆಂದರೆ ಆಟ ಮುಗಿದಂತೆ. "ನೀವ ಯಾಕ ಹೇಳಬಾರದ್ರಿ?" ಎಂದು ಒಬ್ಬ ತಾಯಿ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಊರಲ್ಲಿ ಬಹಳ ದಿನ ಓಡಾಡಿತು: "ನಾ ಹೇಳಿದ್ರ ನನ್ನ ಬೈತಾನ, ಬೈದು ಹಗುರ ಆಗ್ತಾನ. ಗೆಳ್ಯಾ ಹೇಳಿದ್ರ ಬೈಯಾಕೂ ಬರಂಗಿಲ್ಲ. ಒಳಗ ಇಳೀತದ."

ಮೈಬೂಬ ನನ್ನ ಜೀವದ ಗೆಳೆಯ. ಹುನಗುಂದದ ಪಂದ್ಯದ ಹಿಂದಿನ ದಿನ ಅವನ ಬನಿಯನ್ ತರಲು ನನ್ನನ್ನೇ ಕಳಿಸಿದರು. ಅವನ ತಾಯಿ ಅದನ್ನು ಇಸ್ತ್ರಿ ಮಾಡುತ್ತಿದ್ದಳು. ನನ್ನನ್ನು ಕಂಡು, "ಬಾರೋ ಈರಣ್ಣ, ನಾಳಿ ಇಬ್ಬರೂ ಕೂಡಿ ಗೆದ್ದು ಬರ್ರಿ," ಎಂದಳು. ಮೈಬೂಬ ನನ್ನ ಮುಖ ನೋಡಿದ, ತಿಳಿದುಕೊಂಡ. ಬಿಸಿ ಆರದ ಬನಿಯನ್ನನ್ನು ತಾಯಿಯ ಕೈಯಿಂದ ಎಳೆದು ನನ್ನ ಹೆಗಲ ಮೇಲೆ ಹಾಕಿ, "ಹೋಗಲೇ," ಎಂದ. ಅಷ್ಟೇ. ನಾನು ಅಳಲಿಲ್ಲ. ತಂದು ಮಾಸ್ತರರ ಕೈಗೆ ಕೊಟ್ಟೆ. ಅಂದು ಅವರು ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು.

"ಅಳದ ತಂದಿ," ಎಂದರು. "ಆಟ ನಿನಗ ಬರಂಗಿಲ್ಲ ಬಿಡು. ಆದರ ನೀ ನನಗ ಬೇಕು."

ಹಾಗೆ ನಾನು ಅವರ ಕೈಕೆಳಗಿನ ಕೋಚ್ ಆದೆ. ಮುಂದೆ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಗುಮಾಸ್ತಿಕೆ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದರು. ಮುಂಜಾನೆ ಐದಕ್ಕೆ ಅಂಕಣಕ್ಕೆ ಹೋಗಿ ಸುಣ್ಣದ ಗೆರೆ ಹಾಕುವುದು ಮಾತ್ರ ತಪ್ಪಲಿಲ್ಲ. ಹೊಸದಾಗಿ ಬಂದ ಮಕ್ಕಳಿಗೆ ಮೊದಲ ಪಾಠ ನನ್ನದು. ಮಾಸ್ತರರ ಮಾತುಗಳ ಅರ್ಥ ಹೇಳಿಕೊಡುವುದೂ ನನ್ನದೇ ಕೆಲಸ.

ಮಾತುಗಳೆಂದರೆ ಬೇರೆಯೇ ಭಾಷೆ. ಪಾಸ್ ಎನ್ನುವ ಶಬ್ದ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಇಳಕಲ್ ಸೀರೆಗೆ ಒಡಲಿನ ಉದ್ದೆಳೆಗಳ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಒಂದು ಎಳೆ ಇನ್ನೊಂದಕ್ಕೆ ಸಿಕ್ಕಿಕೊಳ್ಳದಿದ್ದರೆ ಸೀರೆಗೆ ಸೆರಗೇ ಇಲ್ಲ. ಮಾಸ್ತರರು ಪಂದ್ಯದಲ್ಲಿ "ಕೊಂಡಿ ಹಾಕು!" ಎಂದು ಕೂಗಿದರೆ, ಕೈಯಲ್ಲಿದ್ದ ಚೆಂಡನ್ನು ಆ ಕ್ಷಣವೇ ಪಕ್ಕದವರಿಗೆ ಬಿಡಬೇಕು. ಇಳಕಲ್ಲಿನ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾದದ್ದೇ ಇರಲಿಲ್ಲ.

ಆರು ವರ್ಷದ ಹಿಂದೆ ಸುನಂದಾ ಬಂದಳು. ಬಾದಾಮಿಯ ಹುಡುಗಿ, ಹತ್ತನೆಯ ಇಯತ್ತೆ. ಇಳಕಲ್ಲಿನ ಚಿಗವ್ವನ ಮನೆಯಲ್ಲಿದ್ದು ಓದುತ್ತಿದ್ದಳು. ಬಾಗಲಕೋಟೆಯ ಪಂದ್ಯ ಒಂದು ವಾರವಿದೆ ಎನ್ನುವಾಗ ನಮ್ಮ ಹುಡುಗಿಯೊಬ್ಬಳ ಪಾದ ಉಳುಕಿ, ಆ ಜಾಗಕ್ಕೆ ಈಕೆಯನ್ನು ತೆಗೆದುಕೊಂಡೆವು. ಮೊದಲ ದಿನ ಅವಳು ಚೆಂಡು ಬಡಿಯುತ್ತ ಓಡಿದಾಗ ಮಾಸ್ತರರ ಬೆನ್ನು ಸ್ವಲ್ಪ ನೆಟ್ಟಗಾದದ್ದನ್ನು ನಾನು ಕಂಡೆ.

"ಈರ್ಯಾ, ಯಾರಲೇ ಅದು?"

"ಬಾದಾಮಿ ಹುಡುಗೀರಿ. ಸುನಂದಾ ಅಂತ."

"ಆಕೀ ಚಂಡು ಸುಳ್ಳು ಹೇಳಂಗಿಲ್ಲ." ಇಪ್ಪತ್ತು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಒಂದೇ ಹೊಗಳಿಕೆ ಅದು. "ಬಾಗಲಕೋಟ್ಯಾಗ ಹಿಂಗ ಆಡಿದ್ರ ಹೆಸರು ಈಕೀದು ಕಳಸ್ತೇನಿ."

ಹೆಸರು ಎಂದರೆ ಕ್ರೀಡಾ ಹಾಸ್ಟೆಲಿಗೆ. ವರ್ಷಕ್ಕೆ ಒಂದು ಹೆಸರನ್ನು ಮಾಸ್ತರರು ಬರೆದು ಕಳಿಸುತ್ತಿದ್ದರು. ಅವರು ಕಳಿಸಿದ ಹೆಸರನ್ನು ಅಲ್ಲಿಯವರು ಎರಡು ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರು. ಸುನಂದಾಳಿಗೆ ಇದನ್ನು ಹೇಳಿದೆ. ಅವಳು ಮರುದಿನದಿಂದ ನನಗಿಂತ ಮೊದಲು ಬಂದು ಸುಣ್ಣದ ಬಕೀಟು ಹಿಡಿದು ನಿಲ್ಲತೊಡಗಿದಳು. "ಸರ್, ಹಾಸ್ಟೆಲ್‌ನ್ಯಾಗ ಮರದ ನೆಲ ಇರತದಂತ, ಖರೇನ್ರಿ? ಅದರ ಮ್ಯಾಲ ಬಿದ್ರ ಮೊಣಕಾಲು ಕೆತ್ತಂಗಿಲ್ಲಂತ." ಅವಳಿಗೆ ಬೇಕಾಗಿದ್ದುದು ಅಷ್ಟೇ. ಸಿಗದಿದ್ದರೆ ಪರೀಕ್ಷೆ ಮುಗಿದ ಮೇಲೆ ಬಾದಾಮಿಗೆ ಮರಳಬೇಕು, ಅಲ್ಲಿ ಹುಡುಗಿಯರ ತಂಡವಿಲ್ಲ.

ಆ ವಾರ ಮಾಸ್ತರರಿಗೆ ಜ್ವರ ಬಂದು ಮಲಗಿದರು. ತಾಲೀಮು ಪೂರ್ತಿ ನನ್ನ ಕೈಯಲ್ಲಿ. ನಾನು ಕೂಗುವವನಲ್ಲ, ಹೆಸರು ಹಿಡಿದು ಕರೆಯುವವನು. ಕೊಂಡಿ ಎನ್ನುವ ಶಬ್ದ ಆ ಆರು ದಿನ ಅಂಕಣದಲ್ಲಿ ಒಮ್ಮೆಯೂ ಬರಲಿಲ್ಲ. ಬಾದಾಮಿಯಲ್ಲಿ ಕೊಂಡಿ ಎಂದರೆ ಬಾಗಿಲಿನದು ಎಂಬುದು ನನ್ನ ತಲೆಗೆ ಹೊಳೆಯಲೂ ಇಲ್ಲ.

ಬಾಗಲಕೋಟೆಯಲ್ಲಿ ಆಟ ಕೊನೆಗೆ ಬಂದಾಗ ಎರಡೂ ಕಡೆ ಸಮಸಮ. ಗಡಿಯಾರದಲ್ಲಿ ಅರೆ ನಿಮಿಷವೂ ಇಲ್ಲ. ಸುನಂದಾಳ ಕೈಯಲ್ಲಿ ಚೆಂಡು. ಎದುರಾಳಿಗಳು ಇಬ್ಬರು ಅವಳನ್ನು ಮುತ್ತಿದರು. ಬುಟ್ಟಿಯ ಕೆಳಗೆ ನಮ್ಮ ಹುಡುಗಿ ಒಬ್ಬಳೇ, ಕೈ ಎತ್ತಿ ನಿಂತಿದ್ದಾಳೆ. ಜ್ವರದಿಂದ ಎದ್ದು ಬಂದಿದ್ದ ಮಾಸ್ತರರು ಅಂಕಣಕ್ಕೆ ಬೆನ್ನು ಮಾಡಿ ನಿಂತಲ್ಲಿಂದಲೇ ಕೂಗಿದರು: "ಸುನಂದಾ, ಕೊಂಡಿ ಹಾಕು!"

ಅವಳು ಕೊಂಡಿ ಹಾಕಿದಳು. ಚೆಂಡನ್ನು ಎದೆಗೆ ಅವಚಿ, ಎರಡೂ ತೋಳುಗಳನ್ನು ಅಗುಳಿಯಂತೆ ಬಿಗಿದು, ಬಗ್ಗಿ ನಿಂತುಬಿಟ್ಟಳು. ಮಾಸ್ತರರು ಇನ್ನೊಮ್ಮೆ ಕೂಗಿದರು, "ಕೊಂಡಿ!" ಅವಳು ಇನ್ನೂ ಬಿಗಿಯಾಗಿ ಹಿಡಿದಳು. ಎದುರಾಳಿ ಮೈಮೇಲೆ ನಿಂತಿರುವಾಗ ಚೆಂಡನ್ನು ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯುವಂತಿಲ್ಲ. ಸೀಟಿ ಮೊಳಗಿತು. ಚೆಂಡು ಆ ಕಡೆಯವರಿಗೆ ಹೋಯಿತು, ಅವರು ಬುಟ್ಟಿಗೆ ಹಾಕಿದರು, ಆಟ ಮುಗಿಯಿತು. ಸುನಂದಾ ನಗುತ್ತ ನಮ್ಮ ಕಡೆ ನೋಡಿದಳು, ಹೇಳಿದ್ದನ್ನು ಮಾಡಿದೆನಲ್ಲ ಎನ್ನುವಂತೆ. ಆಮೇಲೆ ಉಳಿದ ಹುಡುಗಿಯರ ಮುಖ ನೋಡಿದಳು.

ನನಗೆ ಆ ಗಳಿಗೆಯಲ್ಲೇ ಎಲ್ಲ ತಿಳಿಯಿತು.

ಮರಳಿ ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಗೆದ್ದರೂ ಸೋತರೂ ಅಲ್ಲಿಳಿದು ಎಲ್ಲರಿಗೂ ಕರದಂಟು ಕೊಡಿಸುವುದು ಮಾಸ್ತರರ ರೂಢಿ. ಒಬ್ಬೊಬ್ಬರ ಕೈಗೆ ತಾವೇ ತುಂಡು ಇಡುತ್ತ ಬಂದರು. ಸುನಂದಾ ಕೈ ಚಾಚಿದಳು. ಅವಳ ಕೈ ದಾಟಿ ಹಿಂದಿನವಳಿಗೆ ಕೊಟ್ಟರು.

"ಚಂಡು ಬಿಡಾಕ ಬರದವರಿಗೆ ತಿನ್ನಾಕ ಯಾಕ ಬೇಕು? ಅದನ್ನೂ ಅವಚಿಕೊಂಡು ಕುಂದರತಾಳ."

ಒಬ್ಬಿಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು. ಸುನಂದಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನೂ ಮರೆತು, "ಸರ್, ನೀವ ಹೇಳಿದ್ರೆಲ್ರಿ..." ಎಂದಳು.

"ನನ್ನ ಮ್ಯಾಲ ಹಾಕ್ತೀಯೇನು?" ಎಂದರು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಕೊನೆಗೆ ಮಾಸ್ತರರು ನನ್ನ ಮುಂದೆ ಬಂದು, ಎಲ್ಲರಿಗಿಂತ ದೊಡ್ಡ ತುಂಡನ್ನು ಅಂಗೈ ಮೇಲಿಟ್ಟು, ನನ್ನ ಮುಖವನ್ನೇ ನೋಡುತ್ತ ನಿಂತರು. ಬೆನ್ನು ತೋರಿಸುವ ಮನುಷ್ಯ ಅಷ್ಟು ಹೊತ್ತು ನೋಡಿದ್ದು ಯಾಕೆಂದು ಅಂದು ನನಗೆ ತಿಳಿಯಲಿಲ್ಲ. ಹೇಳಬೇಕು ಎಂದುಕೊಂಡೆ. ಹುನಗುಂದ ಬರಲಿ, ಹೇಳುತ್ತೇನೆ ಎಂದುಕೊಂಡೆ. ಹುನಗುಂದವೂ ಬಂತು, ಇಳಕಲ್ಲೂ ಬಂತು.

ಮರುದಿನ ಗೆರೆ ಹಾಕುತ್ತಿದ್ದೆ. "ಈರ್ಯಾ, ಬಾದಾಮಿ ಹುಡುಗೀ ಬನಿಯನ್ ಇಸಕೊಂಡು ಬಾ," ಎಂದರು.

ಹೋದೆ. ಅವಳ ಚಿಗವ್ವ ಅಂಗಳದಲ್ಲಿ ನಿಂತು, "ಏನ್ ಮಾಡ್ಯಾಳ್ರೀ ಈಕಿ? ರಾತ್ರಿಯಿಂದ ಉಂಡಿಲ್ಲ," ಎಂದಳು. ಸುನಂದಾ ಬನಿಯನ್ ಒಗೆದು, ಒಣಗಿಸಿ, ಮಡಚಿ ಇಟ್ಟಿದ್ದಳು. ಕೊಡುವಾಗ ಕೇಳಿದ್ದು ಒಂದೇ ಮಾತು: "ಸರ್, ಕೊಂಡಿ ಅಂದ್ರ ಏನ್ರಿ?"

"ಪಾಸ್," ಎಂದೆ.

"ಹೌದೇನ್ರಿ?" ಎಂದಳು. "ನಾ ಕೇಳಬೇಕಿತ್ತು. ನಂದ ತಪ್ಪು."

ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಬನಿಯನ್ ತೆಗೆದುಕೊಂಡು ಬಂದೆ. ಹಾಸ್ಟೆಲಿಗೆ ಬೇರೆ ಹುಡುಗಿಯ ಹೆಸರು ಹೋಯಿತು.

ಹೋದ ವರ್ಷ ಮಾಸ್ತರರಿಗೆ ಲಕ್ವಾ ಹೊಡೆದು ಬಲಗಡೆ ಬಿದ್ದುಹೋಯಿತು. ಮಾತು ಉಳಿದಿತ್ತು. ನೋಡಲು ಹೋದೆ. ನಿಂತುಹೋದ ಮಗ್ಗಗಳ ಪಕ್ಕದಲ್ಲಿ ಹೊರಸಿನ ಮೇಲೆ ಮಲಗಿದ್ದರು. ಅದೇನು ಧೈರ್ಯ ಬಂತೋ, ಹೇಳಿಬಿಟ್ಟೆ.

"ಸರ್, ಬಾಗಲಕೋಟಿ ಮ್ಯಾಚಿನ್ಯಾಗ ಸುನಂದಾಂದು ತಪ್ಪಿರಲಿಲ್ರಿ. ಕೊಂಡಿ ಅಂದ್ರ ಏನಂತ ನಾ ಹೇಳಿಕೊಟ್ಟಿರಲಿಲ್ಲ."

"ಗೊತ್ತೈತಿ."

"ಯಾವಾಗಿಂದ್ರಿ?"

"ಅವತ್ತಿಂದ. ಹೆದರಿದವರು ಚಂಡು ಹಿಡಿದ್ರ ಅದು ಕೈಯಾಗ ಒದ್ದಾಡ್ತದ, ಸಪ್ಪಳಾಗ್ತದ. ಆಕಿ ಹಿಡಿದಾಗ ಸಪ್ಪಳ ಇಲ್ಲ. ಹೇಳಿದ ಮಾತು ಕೇಳಿದವರು ಹಂಗ ಹಿಡೀತಾರ."

"ಮತ್ತ ಆಕೀ ಹೆಸರು ಯಾಕ ಕಳಸಲಿಲ್ರಿ?"

"ನಿನ್ನ ಕಾಯಾಕತ್ತಿದ್ನೆಲ್ಲೋ," ಎಂದರು, ಹವಾಮಾನದ ಮಾತಾಡಿದಷ್ಟು ಸಲೀಸಾಗಿ. "ಅಮೀನಗಡದಾಗ ಕೈಯಾಗ ಕರದಂಟು ಇಟ್ಟು ನಿಂತೆ. ಈಗ ಹೇಳ್ತಾನ ಅಂತ ಅನಕೊಂಡೆ. ಹೇಳಿದ್ರ ಆಕೀ ಹೆಸರು ಕಳಸ್ತಿದ್ದೆ. ನೀ ತಿಂದಿ. ಬಾಯಿ ಒರಸಿಕೊಂಡಿ."

"ನನ್ನ ಬೈಬೇಕಿತ್ರಿ. ಆಕೀಗ್ಯಾಕ ಶಿಕ್ಷಾ?"

"ನಿನ್ನ ಬೈದಿದ್ರ ನೀ ಬಿಟ್ಟು ಹೋಗ್ತಿದ್ದಿ. ಆಡೂ ಹುಡುಗ್ಯಾರು ವರ್ಷಾ ವರ್ಷಾ ಬರ್ತಾರ. ಮುಂಜೇನಿ ಐದಕ್ಕ ಗೆರಿ ಹಾಕಾಕ ಬರಾಂವ ನೀ ಒಬ್ಬನ." ಮುಖವನ್ನು ನನ್ನ ಕಡೆ ತಿರುಗಿಸಿದರು. "ಈಗರೆ ಹೋಗಿ ಆಕೀಗೆ ಹೇಳ್ತೀಯೇನು?"

"ಹೇಳ್ತೇನ್ರಿ."

ಬಿದ್ದುಹೋಗದ ಅರ್ಧ ಮುಖದಿಂದ ನಕ್ಕರು. ಅದೇ ಕೊನೆಯ ಭೆಟ್ಟಿ. ಆ ತಿಂಗಳೇ ತೀರಿಕೊಂಡರು. ಅವರ ಮಣ್ಣಿಗೆ ಬಂದಿದ್ದವರಲ್ಲಿ ಅರ್ಧಕ್ಕರ್ಧ ಮಂದಿ ಅವರು ಬನಿಯನ್ ಕಸಿದುಕೊಂಡವರೇ. ಮೈಬೂಬ ಹೆಗಲು ಕೊಟ್ಟ.

ದಿನಕರ್ಮ ಮುಗಿದ ಮರುದಿನ ಬಾದಾಮಿಗೆ ಹೋದೆ. ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸುನಂದಾ ಕೆಲಸಕ್ಕಿದ್ದಾಳೆಂದು ಅವಳ ಚಿಗವ್ವ ಹೇಳಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನನ್ನನ್ನು ಕಂಡೊಡನೆ ಅವಳು ಮಷಿನ್ ನಿಲ್ಲಿಸಿ ಓಡಿಬಂದು ಕಾಲು ಮುಟ್ಟಿದಳು.

"ಅಕ್ಕಾ, ಇಲ್ನೋಡ್ರಿ," ಎಂದು ಅಂಗಡಿಯ ಒಡತಿಯನ್ನು ಕರೆದಳು. "ನಾ ಹೇಳ್ತಿದ್ನೆಲ್ಲ, ನಮ್ಮ ಈರಣ್ಣ ಸರ್ ಇವರ. ನನ್ನ ಸಲುವಾಗಿ ಮ್ಯಾಚ್ ಸೋತ್ರೂ ಒಂದು ಮಾತು ಅನಲಿಲ್ಲ ನನಗ. ಭಾಳ ದೊಡ್ಡ ಮನಸ್ಸಿನವರು."

ಒಡತಿ ಕೈಮುಗಿದಳು. ನಾನೂ ಮುಗಿದೆ.

"ದೊಡ್ಡ ಸರ್ ಹೆಂಗದಾರ್ರಿ?"

ತೀರಿಕೊಂಡರು ಎಂದೆ. ಅವಳು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಕಣ್ಣು ತುಂಬಿಬಂತು. "ಒಮ್ಮೆ ಬಂದು ಕ್ಷಮಾ ಕೇಳಬೇಕು ಅಂತ ಮಾಡಿದ್ದೆರಿ. ಆಗಲೇ ಇಲ್ಲ ನೋಡ್ರಿ," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ನಾನು ಬೇಡ ಬೇಡ ಎಂದರೂ ಚಹಾ ತರಿಸಿದಳು. ಕಪ್ಪು ಕೈಯಲ್ಲಿ ಹಿಡಿದು ಅವಳ ಮುಖ ನೋಡಿದೆ.

"ಸುನಂದಾ," ಎಂದೆ.

"ಏನ್ರಿ ಸರ್?"

ಅವಳು ಕಾದಳು. ಒಡತಿಯೂ ಕತ್ತೆತ್ತಿ ನೋಡಿದಳು.

"ಸಕ್ಕರಿ ಸ್ವಲ್ಪ ಕಮ್ಮಿ ಆಗೇದ," ಎಂದೆ.

ಅವಳು ಸಕ್ಕರೆ ತರಲು ಓಡಿದಳು.