ಬಾನೆಟ್‌ನ ಎಡಗಡೆ

ತಾತ ಕೊಂಡಿದ್ದ ಕಾರು ನಮ್ಮಪ್ಪನಿಗಿಂತ ಎರಡು ವರ್ಷ ದೊಡ್ಡದು. ಟಿ. ದಾಸರಹಳ್ಳಿಯ ನಮ್ಮ ಮನೆಯ ಮುಂದೆ ನಾನೂ ಅಕ್ಕನೂ ಸೇರಿ ಮೂವತ್ತೊಂದು ಭಾನುವಾರ ಅದನ್ನು ರಿಪೇರಿ ಮಾಡಿದೆವು. ಮೂವತ್ತೆರಡನೆಯ ಭಾನುವಾರ ಅವಳ ಮದುವೆ. ಬಾನೆಟ್ ಕೂರಿಸುವುದೊಂದು ಉಳಿಯಿತು.

ಅದಕ್ಕೆ ಇಬ್ಬರು ಬೇಕು. ಬೋಲ್ಟುಗಳನ್ನು ಅರ್ಧ ಸಡಿಲಿಸಿ, ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತು ತುಸುವೇ ಸರಿಸಿ, ಮುಚ್ಚಿ, ಮಡ್‌ಗಾರ್ಡಿನ ಪಕ್ಕದ ಸಂದಿ ನೋಡಬೇಕು. ಆರು ಸಲ ಪ್ರಯತ್ನಿಸಿದ್ದೆವು. ಎಡಗಡೆ ಯಾವಾಗಲೂ ಅಕ್ಕನದು. ನಾನು ಸ್ಕೇಲ್ ಇಟ್ಟು ಅಳೆಯುವಷ್ಟರಲ್ಲಿ ಅವಳು ಸಂದಿಯಲ್ಲಿ ಕಿರುಬೆರಳ ಉಗುರು ಆಡಿಸಿ, "ಒಂದ್ ನೂಲು ಜಾಸ್ತಿ ಕಣೋ" ಅನ್ನುತ್ತಿದ್ದಳು. ಒಂದು ನೂಲೆಂದರೆ ಇಂಚಿನಲ್ಲಿ ಎಂಟನೇ ಒಂದು ಭಾಗ. ಸ್ಕೇಲೂ ಅಷ್ಟೇ ಹೇಳುತ್ತಿತ್ತು.

ಈಗ ಅವಳು ಕುಂದಲಹಳ್ಳಿಯಲ್ಲಿದ್ದಾಳೆ. ಮೆಟ್ರೊದಲ್ಲಿ ಒಂದೂವರೆ ಗಂಟೆ, ಅಷ್ಟೇ. ಆದರೂ ಮದುವೆಯ ನಂತರದ ಒಂಬತ್ತು ಭಾನುವಾರಗಳಲ್ಲಿ ಬಂದದ್ದು ಒಂದೇ ಸಲ. ಅವತ್ತು ರೇಷ್ಮೆ ಸೀರೆ ಉಟ್ಟಿದ್ದಳು, ಕಾರಿನ ಹತ್ತಿರ ಹೋಗಲಿಲ್ಲ. ಹೊರಡುವಾಗ ಮಾತ್ರ, "ಬಾನೆಟ್‌ಗೆ ಬರ್ತೀನಿ, ಇಬ್ರೇ ಕೂರ್ಸೋಣ" ಅಂದಳು.

ಕಳೆದ ಭಾನುವಾರ ಬೆಳಿಗ್ಗೆ, ಪೀಣ್ಯದಲ್ಲಿ ಲೇತ್ ನಡೆಸುವ ಪಕ್ಕದ ಮನೆಯ ಅಣ್ಣ ಟೀ ಲೋಟ ಹಿಡಿದು ಬಂದರು. "ಏನ್ ಗುರು, ನಿಮ್ಮಕ್ಕ ಬರೋವರ್ಗೂ ಗಾಡಿ ಬಾಯ್ ಬಿಟ್ಕೊಂಡೇ ಇರ್ಬೇಕಾ? ಹಿಡಿ ಆ ಕಡೆ!"

ಬೇಡವೆನ್ನಲು ಕಾರಣ ತೋಚಲಿಲ್ಲ. ಅವರು ಎಡಗಡೆ ನಿಂತರು. ಮೂರನೆಯ ಪ್ರಯತ್ನಕ್ಕೇ ಬಾನೆಟ್ ಕೂತಿತು. ಎರಡೂ ಕಡೆ ನಾಲ್ಕು ಮಿಲಿಮೀಟರ್. "ಸಕ್ಕತ್!" ಎಂದು ಅದನ್ನು ತಟ್ಟಿ ಅವರು ಹೋದರು. ನಾನು ಸ್ಕೇಲ್ ಹಿಡಿದು ಅಲ್ಲೇ ನಿಂತಿದ್ದೆ. ಖುಷಿಯಾಗಬೇಕಿತ್ತು.

ಮಧ್ಯಾಹ್ನ ಅಕ್ಕನ ಫೋನ್ ಬಂತು. "ಮುಂದಿನ್ ಭಾನ್ವಾರ ಬರ್ತೀನಿ ಕಣೋ. ಅತ್ತೇನ ಕೇಳಾಯ್ತು. ನನ್ ಹಳೇ ಚೂಡಿದಾರ್ ಇದ್ಯಾ, ಅಮ್ಮ ಒರ್ಸೋ ಬಟ್ಟೆ ಮಾಡ್ಬಿಟ್ರಾ?"

"ಇದೆ."

"ಬಾನೆಟ್ ಎಲ್ಲಿಗ್ ಬಂತು?"

"ಎಡಗಡೆ ಒಂದ್ ನೂಲು ಜಾಸ್ತಿ ಇದೆ" ಅಂದುಬಿಟ್ಟೆ.

"ನಾನಿಲ್ದಿದ್ರೆ ಹಂಗೇ ಮಗಾ!" ಅವಳು ಜೋರಾಗಿ ನಕ್ಕಳು.

ಫೋನಿಟ್ಟು, ಕಾರಿನ ಕೆಲಸವನ್ನೆಲ್ಲ ಬರೆದಿಡುತ್ತಿದ್ದ ದಿನಚರಿ ತೆರೆದೆ. ಬೆಳಿಗ್ಗೆಯ ನಾಲ್ಕು ಮಿಲಿಮೀಟರನ್ನು ಆಗಲೇ ಬರೆದಾಗಿತ್ತು. ಅದನ್ನು ಹೊಡೆದುಹಾಕಲಿಲ್ಲ. ಸ್ಪ್ಯಾನರ್ ತೆಗೆದುಕೊಂಡು ಹೊರಗೆ ಹೋಗಿ, ಬೋಲ್ಟುಗಳನ್ನು ಸಡಿಲಿಸಿ, ಭುಜ ಕೊಟ್ಟು ಬಾನೆಟನ್ನು ಒಂದು ನೂಲು ಬಲಕ್ಕೆ ತಳ್ಳಿದೆ. ಆಮೇಲೆ ಒಳಗೆ ಬಂದು ಕೆಳಗಿನ ಸಾಲಿನಲ್ಲಿ ಹೊಸ ಅಳತೆ ಬರೆದೆ.