ಮೋಟು ಹಗ್ಗದಲ್ಲಿ ಕಟ್ಟಿದ ದೋಣಿ

ದೋಣಿಯನ್ನು ಗಿಡಕ್ಕೆ ಕಟ್ಟಿದ್ದು ಚಿಕ್ಕಪ್ಪ. ಎರಡು ವರ್ಷದಿಂದ ಹೀಗೇ ಹೇಳುತ್ತ ಬಂದಿದ್ದೇನೆ, ಶಾಲೆಯ ಸ್ಟಾಫ್ ರೂಮಿನಲ್ಲಿ, ಆನವಟ್ಟಿ ಬಸ್ಸಿನಲ್ಲಿ, ಮದುವೆಮನೆಗಳ ಊಟದ ಪಂಕ್ತಿಯಲ್ಲಿ. ಹೇಳಿದಷ್ಟೂ ಅದು ನಯವಾಗುತ್ತ ಹೋಯಿತು. ಈಗ ಬರೆಯಲು ಕೂತರೆ ಆ ನಯದ ಮೇಲೇ ಅನುಮಾನ ಬರುತ್ತಿದೆ.

ಅನುಮಾನವಿಲ್ಲದ್ದು ಇಷ್ಟು. ದಸರಾ ರಜೆ. ನಾನು, ನನ್ನ ಅಪ್ಪನ ತಮ್ಮ. ಅರವತ್ತು ದಾಟಿದ ಈ ಚಿಕ್ಕಪ್ಪ ಸೊರಬ ತಾಲ್ಲೂಕಿನ ನಮ್ಮೂರ ಕೆರೆಯಲ್ಲೇ ಬಲೆ ಬೀಸುತ್ತ ಬೆಳೆದವನು. ಲಾರಿ ಟ್ಯೂಬಿನ ಮೇಲೆ ಹಲಗೆ ಬಿಗಿದ ಅವನ ತೆಪ್ಪದಲ್ಲಿ ನಾನೂ ಬೆಳೆದೆ. ಸಮುದ್ರದ ನೀರಲ್ಲಿ ಒಮ್ಮೆ ಬಲೆ ಬೀಸಬೇಕು ಎಂಬುದು ಅವನ ಬಹುಕಾಲದ ಹಠ. ನನ್ನ ಜೊತೆ ಪಾಠ ಮಾಡುವ ಗೆಳತಿಯ ತವರು ಕುಮಟಾ ಕಡೆ. ಸಮುದ್ರದ ಉಬ್ಬರ ದಿನಕ್ಕೆರಡು ಸಲ ನುಗ್ಗಿ ಬರುವ ಒಂದು ಕೋಡಿಹೊಳೆಯ ದಂಡೆಯಲ್ಲಿ ಮನೆ. ಅಲ್ಲಿರುವುದು ಅವಳ ತಾಯಿ ಒಬ್ಬರೇ. ಅವರದೊಂದು ಪುಟ್ಟ ದೋಣಿಯಿದೆ. ಚಿಕ್ಕಪ್ಪ ಶಿಕಾರಿಪುರದ ಸಾಹೇಬರ ಅಂಗಡಿಯಲ್ಲಿ ಬಲೆಗೆ ಹೊಸ ಸೀಸದ ಗುಂಡು ಕಟ್ಟಿಸಿಕೊಂಡು, ಅದನ್ನು ಗೊಬ್ಬರದ ಚೀಲದಲ್ಲಿ ತುಂಬಿ, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದ.

ಬೆಳಿಗ್ಗೆ ಏಳಕ್ಕೆ ಆ ತಾಯಿ ದೋಣಿ ಬಿಟ್ಟುಕೊಟ್ಟರು. ಒಂದೇ ಷರತ್ತು.

“ಅಕ್ಕೋರೇ, ನೀರು ಏರ್ತಾ ಇದ್ದಾಗ ಒಳಗೆ ಹೋಗಿ. ತಿರುಗ್ತು ಅಂದ ಕೂಡ್ಲೇ ಬಂದ್ಬಿಡಿ. ಹನ್ನೊಂದಕ್ಕೆ ನಂಗೆ ದೋಣಿ ಬೇಕು.”

ಯಾಕೆ ಬೇಕು ಎಂಬುದೂ ನಮಗೆ ಗೊತ್ತಿತ್ತು. ನೀರಿಳಿದಾಗ ದೊಡ್ಡ ಹೊಳೆಯ ನಡುವೆ ಮರಳದಿಬ್ಬ ಏಳುತ್ತದೆ. ಊರ ಹೆಂಗಸರೆಲ್ಲ ಅಲ್ಲಿಗೆ ಹೋಗಿ ಬಳಚು ಹೆಕ್ಕುತ್ತಾರೆ. ಚಿಪ್ಪಿನೊಳಗಿನ ಆ ಮಾಂಸವೇ ಅವರ ಸಂಪಾದನೆ. ಎರಡು ಮೂರು ತಾಸಿನಲ್ಲಿ ದಿಬ್ಬ ಮತ್ತೆ ಮುಳುಗುತ್ತದೆ. ಜ್ವರ ಬಂದು ಅವರು ಎರಡು ದಿನ ಹೋಗಿರಲಿಲ್ಲ. ಮೂರನೇ ದಿನವೂ ತಪ್ಪಿದರೆ ಬಳಚು ಕೊಳ್ಳುವವನು ಬೇರೆಯವರನ್ನು ಗೊತ್ತುಮಾಡಿಕೊಳ್ಳುತ್ತಾನೆ.

“ಬಿಡವ್ವ, ಬರ್ತೀವಿ. ನೀರೇನು ಓಡಿ ಹೋಗುತ್ತಾ?” ಅಂದ ಚಿಕ್ಕಪ್ಪ.

“ಓಡಿ ಹೋಗೂದೇ ಅದ್ರ ಕೆಲ್ಸ ಮಾರಾಯ್ರೇ!”

ತಿರುವಿನಲ್ಲಿ ಹೊರಮಗ್ಗುಲಿಗೇ ಇರಿ, ಆಳ ಅಲ್ಲಿ. ಗಳ ಚುಚ್ಚಿ ನೋಡದೆ ಒಳಗೆ ಹೋಗಬೇಡಿ. ಹೊಳೆ ಕವಲೊಡೆದಲ್ಲೆಲ್ಲ ಬಟ್ಟೆ ಕಟ್ಟಿ, ಬರುವಾಗ ದಾರಿ ಬೇರೆಯಾಗಿ ಕಾಣುತ್ತದೆ. ಇಷ್ಟು ಹೇಳಿ ಅವರು ದೋಣಿಯನ್ನು ನೂಕಿಬಿಟ್ಟರು.

ಉಬ್ಬರ ನಮ್ಮನ್ನು ಎತ್ತಿಕೊಂಡು ಹೋಯಿತು. ಬೇರೆ ಹೇಗೆ ಹೇಳಬೇಕೋ ತಿಳಿಯದು. ಕೆರೆಯಲ್ಲಿ ನಾವು ನೂಕಿದರೆ ಮಾತ್ರ ತೆಪ್ಪ ಹೋಗುತ್ತದೆ. ಇಲ್ಲಿ ಹುಟ್ಟು ಎತ್ತಿ ಸುಮ್ಮನೆ ಕೂತರೂ ಉಪ್ಪುನೀರಲ್ಲೇ ಬೇರುಬಿಟ್ಟು ನಿಂತ ಎರಡೂ ದಂಡೆಯ ಕಾಂಡ್ಲಾ ಗಿಡಗಳು ಹಿಂದಕ್ಕೆ ಓಡುತ್ತಿದ್ದವು. ಬೇರುಗಳ ಮೇಲೆ ಕೆಂಪು ಕೊಂಡಿಯ ಏಡಿಗಳು ದಡಬಡ ಹತ್ತುತ್ತಿದ್ದವು. ಪ್ರತಿ ತಿರುವಿನಲ್ಲೂ ಕತ್ತು ಚಾಚುತ್ತಿದ್ದೆ, ಮುಂದೇನಿದೆಯೋ ಎಂದು. ಕವಲು ಬಂದಾಗ ನನ್ನ ಹಳೆಯ ಕೆಂಪು ವೇಲು ಹರಿದು ಕೊಂಬೆಗೆ ಕಟ್ಟಿದೆ. ಅಂಥ ಕವಲು ಮೂರು. ಚಿಕ್ಕಪ್ಪ ನಾಲ್ಕು ಅನ್ನುತ್ತಾನೆ.

ಒಳಗೆ ಮಣ್ಣಿನ ಒಡ್ಡು ಸಿಕ್ಕಿತು. ಅದರಾಚೆ ಉಪ್ಪುನೀರು ನಿಲ್ಲುವ ಗಜನಿ ಗದ್ದೆ. ನಮ್ಮ ಕೆರೆಯಲ್ಲಿ ಮೊದಲ ಬಲೆಗೆ ಮುಂಚೆ ಒಂದು ಬೊಗಸೆ ನೀರು ಕುಡಿಯುವ ಪದ್ಧತಿಯಿದೆ. ಚಿಕ್ಕಪ್ಪ ಬಗ್ಗಿ ಬೊಗಸೆ ತುಂಬಿ ಕುಡಿದೇಬಿಟ್ಟ.

“ಥೂ! ಥೂ! ಉಪ್ಪು!”

“ಸಮುದ್ರದ ನೀರು ಅಂತ ನೀನೇ ಹೇಳಿದ್ದಲ್ಲ ಚಿಕ್ಕಪ್ಪ!”

“ನಂಗೊತ್ತಿತ್ತು ಮಾರಾಯ್ತಿ, ಕೈಗೆ ಗೊತ್ತಿರ್ಲಿಲ್ಲ!”

ಕಿರಿದಾದ ದೋಣಿಯಲ್ಲಿ ನಿಂತು ಬಲೆ ಬೀಸಲು ಆಗಲಿಲ್ಲ. ಎರಡು ಸಲ ಹೊಯ್ದಾಡಿದ ಮೇಲೆ ದೋಣಿಯನ್ನು ಗಿಡಕ್ಕೆ ಕಟ್ಟಿ ಒಡ್ಡಿನ ಮೇಲೆ ಹತ್ತಿದೆವು. ಕಟ್ಟಿದ್ದು ಮೋಟು ಹಗ್ಗದಲ್ಲಿ, ದೋಣಿಯ ಮೂತಿ ಕೊಂಬೆಗೆ ತಾಗುವಷ್ಟು ಬಿಗಿಯಾಗಿ. ಕೆರೆಯಲ್ಲಿ ಹಾಗೇ ಕಟ್ಟಬೇಕು. ಇಲ್ಲದಿದ್ದರೆ ಗಾಳಿಗೆ ತೆಪ್ಪ ಸುತ್ತಿ ಕಲ್ಲಿಗೆ ಬಡಿಯುತ್ತದೆ.

ಈ ಜಾಗದಲ್ಲಿ ನಾನು ಯಾವಾಗಲೂ “ಚಿಕ್ಕಪ್ಪ ಕಟ್ಟಿದ” ಎನ್ನುತ್ತೇನೆ, ಕೇಳುವವರು ನಗುತ್ತಾರೆ. ಮೊನ್ನೆ ಹಳೆಯ ಫೋನಿನಲ್ಲಿ ಅವನು ಅಂದು ತೆಗೆದ ಒಂದು ತುಂಡು ವಿಡಿಯೊ ಸಿಕ್ಕಿತು. ಅರ್ಧ ಪರದೆ ಅವನ ಹೆಬ್ಬೆರಳು. ಉಳಿದರ್ಧದಲ್ಲಿ ಹಗ್ಗವನ್ನು ಜಗ್ಗಿ ಗಂಟು ಹಾಕುತ್ತಿರುವ ಕೈ, ಕೈಯಲ್ಲಿ ಹಸಿರು ಬಳೆ. ನನ್ನದು. “ಇನ್ನೂ ಬಿಗಿ, ಇನ್ನೂ ಬಿಗಿ” ಅನ್ನುವ ದನಿ ಮಾತ್ರ ಅವನದು. ಫೋನು ತೋರಿಸಿದರೆ ಅವನಿಗೆ ಆಶ್ಚರ್ಯವೇ ಆಗಲಿಲ್ಲ. “ನಂಗೊತ್ತಿತ್ತು. ನೀ ಹೇಳೋವಾಗ ಚೆಂದ ಇತ್ತು, ಬಿಟ್ಟೆ” ಅಂದ.

ಮೊದಲ ಬೀಸಿಗೇ ಮೀನು! ಬಲೆ ಎಳೆಯುವಾಗ ಹಗ್ಗ ಕೈಯಲ್ಲಿ ಗುದ್ದಿದ್ದು ಈಗಲೂ ಅಂಗೈಯಲ್ಲಿದೆ. ಉದ್ದ ಮೂತಿಯ ಕಾಣೆ ಮೀನು ಎರಡು, ಜೊತೆಗೆ ಹೆಸರು ತಿಳಿಯದ ಬೆಳ್ಳಿ ಮೈಯವು. “ಇದು ನಮ್ ಕೆರೆ ಗೆಂಡೇನೇ ಕಣೆ, ಉಪ್ಪಿಗೆ ಬಿಳಚಿಕೊಂಡೈತೆ” ಎಂದು ಚಿಕ್ಕಪ್ಪ ತೀರ್ಪು ಕೊಟ್ಟ. ಬುಟ್ಟಿ ತುಂಬಿದಂತೆ ತಂದು ದೋಣಿಯ ಹಲಗೆಯಡಿ ಸುರಿದೆ. ಮತ್ತೊಂದು ಬೀಸು, ಇನ್ನೊಂದು ಬೀಸು. ಒಡ್ಡಿನ ಮೇಲೆ ಇನ್ನೂ ಮುಂದೆ ಹೋದೆವು. ಅವನು ಹುಡುಗನಂತೆ ಕೂಗುತ್ತಿದ್ದ, ನಾನು ಅದಕ್ಕಿಂತ ಜೋರಾಗಿ.

ಒಂದು ಹಳದಿ ಎಲೆ ನೀರಿನಲ್ಲಿ ನಿಂತಿದ್ದು ಕಂಡಿತು. ಆಮೇಲೆ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತು. “ತಿರುಗ್ತು” ಅಂದೆ. “ಇದೊಂದು ಬೀಸು” ಅಂದ ಚಿಕ್ಕಪ್ಪ. ನಾನೂ ಸರಿ ಅಂದೆ. ಅದೊಂದಲ್ಲ, ನಾಲ್ಕಾದರೂ ಆಗಿರಬೇಕು.

ಓಡಿ ಬಂದು ನೋಡಿದರೆ ದೋಣಿ ನೇತಾಡುತ್ತಿದೆ. ನೀರು ಮೊಣಕಾಲಿನಷ್ಟು ಇಳಿದಿತ್ತು. ಮೂತಿ ಕೊಂಬೆಯಲ್ಲಿ ಮೇಲೆ, ಹಿಂಭಾಗ ಕೆಸರಿನ ಇಳಿಜಾರಿನಲ್ಲಿ, ಅಲ್ಲಿಂದ ನೀರು ಒಳಗೆ ಹತ್ತುತ್ತಿದೆ. ದೋಣಿಯ ಭಾರಕ್ಕೆ ಗಂಟು ಕಲ್ಲಾಗಿತ್ತು. ಚಿಕ್ಕಪ್ಪ ಸೊಂಟದಿಂದ ಚಾಕು ತೆಗೆದ.

“ಬೇಡ! ಕೊಯ್ದರೆ ನಮ್ಮನ್ನ ಬಿಟ್ಟು ಹೋಗುತ್ತೆ ಅದು!”

“ಮತ್ತೇನ್ ಮಾಡ್ತೀಯ, ಮಂತ್ರ ಹಾಕ್ತೀಯ?”

ಅವನ ಬಲೆಯ ಹಗ್ಗದ ತುದಿಯನ್ನು ದೋಣಿಯ ಅಡ್ಡಹಲಗೆಗೆ ಕಟ್ಟಿ, ಈ ಸಲ ಉದ್ದ ಬಿಟ್ಟು, ಇನ್ನೊಂದು ತುದಿಯನ್ನು ಬೇರಿಗೆ ಸುತ್ತಿದೆ. ಚಿಕ್ಕಪ್ಪ ತೊಡೆಮಟ್ಟದ ಕೆಸರಿಗಿಳಿದು ಮೂತಿಗೆ ಹೆಗಲು ಕೊಟ್ಟ. ಅವನ ಕತ್ತಿನ ನರ ಉಬ್ಬಿದ್ದು ಕಂಡಿತು. ಹಗ್ಗ ಒಂದು ಬೆರಳಷ್ಟು ಸಡಿಲವಾಯಿತು. ಹಲ್ಲು ಹಚ್ಚಿ ಬಿಚ್ಚಿದೆ. ದೋಣಿ ಧೊಪ್ಪೆಂದು ನೀರಿಗೆ ಬಿದ್ದು ಎಳೆಯಿತು, ಬಲೆಯ ಹಗ್ಗ ಹಿಡಿದುಕೊಂಡಿತು. ಹತ್ತಿದೆವು.

ಹೋಗುವಾಗ ನೋಡಿದ ಹೊಳೆ ಅಲ್ಲಿರಲಿಲ್ಲ. ಎರಡೂ ಕಡೆ ಕೆಸರಿನ ಗೋಡೆ, ನಡುವೆ ಒಂದು ಕಾಲುವೆ. ನಾನು ಬುಟ್ಟಿಯಲ್ಲಿ ನೀರು ಚೆಲ್ಲುತ್ತ ಕೆಂಪು ಬಟ್ಟೆ ಹುಡುಕಿದೆ. ಎಲ್ಲಿಯೂ ಇಲ್ಲ. ಕವಲು ಬಂತು. ಎಡವೋ ಬಲವೋ? ದೋಣಿ ನಿಲ್ಲುತ್ತಿಲ್ಲ.

“ಮೇಲೆ ನೋಡೇ! ಮೇಲೆ!”

ಬಟ್ಟೆ ನಮ್ಮ ತಲೆಯ ಮೇಲಿತ್ತು. ನಾನು ಕಟ್ಟಿದ ಎತ್ತರದಲ್ಲೇ ಹುಡುಕುತ್ತಿದ್ದೆ, ಕೆಳಗೆ ಹೋದದ್ದು ನಾವು. ಎಡಕ್ಕೆ! ಹೊರಮಗ್ಗುಲು! ಒಂದು ಕಡೆ ತಳ ಕರ್ರೆಂದು ಉಜ್ಜಿತು. ಇಬ್ಬರೂ ಮೂತಿಯ ಕಡೆ ಜಿಗಿದು ಗಳ ಒತ್ತಿದಾಗ ಜಾರಿತು. ಆಮೇಲೆ ಇಳಿತವೇ ನಮ್ಮನ್ನು ಎಸೆದಂತೆ ಹೊರಗೆ ತಂದಿತು. ನಾನು ನಗುತ್ತಿದ್ದೆ. ಹೆದರಿದ್ದೆನೇ? ಹೆದರಿರಬೇಕು. ಆದರೆ ನೆನಪಿರುವುದು ನಗು.

ಹನ್ನೊಂದು ದಾಟಿತ್ತು. ಬೇರೆ ದೋಣಿಗಳು ಸಾಲಾಗಿ ದಿಬ್ಬದ ಕಡೆ ಹೊರಟುಹೋಗಿದ್ದವು. ಆ ತಾಯಿ ದಂಡೆಯಲ್ಲಿ ಕಾಯುತ್ತಿರಲಿಲ್ಲ. ಸೀರೆ ಎತ್ತಿ ಕಟ್ಟಿ, ಬುಟ್ಟಿ ತಲೆಯ ಮೇಲಿಟ್ಟು, ಸೊಂಟಮಟ್ಟದ ನೀರಿನಲ್ಲಿ ನಮ್ಮೆಡೆಗೇ ನಡೆದು ಬರುತ್ತಿದ್ದರು.

“ದಂಡೆಗೆ ತರಬೇಡಿ! ಇಲ್ಲೇ ಇಳೀರಿ!”

ಇಳಿದೆವು, ಅಂದರೆ ಬಿದ್ದೆವು. ಅವರು ಒಂದೇ ನೆಗೆತಕ್ಕೆ ಹತ್ತಿ ಹುಟ್ಟು ಕಿತ್ತುಕೊಂಡರು. ಬೈಯಲಿಲ್ಲ. ಬೈಯಲು ಅವರಿಗೆ ಹೊತ್ತಿರಲಿಲ್ಲ. ದೋಣಿ ದೂರವಾದ ಮೇಲೆ ಚಿಕ್ಕಪ್ಪ ತಲೆ ಚಚ್ಚಿಕೊಂಡ.

“ಮೀನು! ಅವ್ವಾ, ನಮ್ ಮೀನು ಹಲಗೆ ಕೆಳಗೈತೆ!”

ಅವರು ತಿರುಗಿ ನೋಡಲಿಲ್ಲ. ನೀರಿನಲ್ಲೇ ನಿಂತು ನೋಡಿದೆವು. ಸಾಲಿನ ಕೊನೆಯ ದೋಣಿಗೂ ಅವರದಕ್ಕೂ ಬಹಳ ಅಂತರವಿತ್ತು. ಇಳಿತ ಅವರನ್ನು ಎತ್ತಿಕೊಂಡು ಹೋಗುತ್ತಿತ್ತು. ಹುಟ್ಟು ಒಂದೇ ಸಮ ಏಳುತ್ತಿತ್ತು, ಬೀಳುತ್ತಿತ್ತು. ಅಂತರ ಅರ್ಧವಾಯಿತು.

“ಮುಟ್ತಾರೆ” ಅಂದ ಚಿಕ್ಕಪ್ಪ.

ದಿಬ್ಬದ ಬೆನ್ನು ಆಗಷ್ಟೇ ನೀರಿನಿಂದ ಮೇಲೇಳುತ್ತಿತ್ತು. ಅವರ ದೋಣಿ ಕೊನೆಯದಾಗಿ ತಾಗಿತು, ಕೊನೆಯವರಾಗಿ ಅವರೂ ಬುಟ್ಟಿ ಹಿಡಿದು ಇಳಿದರು. ಚಿಕ್ಕಪ್ಪ ನನ್ನ ಬೆನ್ನಿಗೆ ಗುದ್ದಿದ ಗುದ್ದಿಗೆ ನಾನು ಮತ್ತೆ ನೀರಿಗೆ ಬಿದ್ದೆ.